ಮೊದಲು ಗಲ್ಲಾ ಎಣಿಸಿರಿ, ಆಮೇಲೆ ಬೆಲೆ ಹೇಳಿರಿ



ರಾತ್ರಿ ಹೋಟೆಲಿನ ಬಾಗಿಲು ಹಾಕಿದ ಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ನಡೆಯುವ ಕೆಲಸ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ನೋಟುಗಳನ್ನು ಬೇರೆ ಬೇರೆ ಜೋಡಿಸಿ, ಚಿಲ್ಲರೆಯನ್ನು ಎಣಿಸಿ, ಈಚೆಗೆ ಫೋನಿನ ಮೂಲಕ ಬಂದ ಹಣವನ್ನೂ ಕೂಡಿಸಿ, ದಿನದ ಬಿಲ್ಲುಗಳಿಗೆ ತಾಳೆ ನೋಡುತ್ತಾರೆ. ಇಪ್ಪತ್ತು ರೂಪಾಯಿ ಕಡಿಮೆ ಬಿದ್ದರೆ ಗಲ್ಲಾದಲ್ಲಿ ಕುಳಿತವನು ಉತ್ತರ ಹೇಳಬೇಕು. ಉತ್ತರ ಒಪ್ಪಿಗೆಯಾಗದಿದ್ದರೆ ಅವನ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. "ಹಣ ಇದೆ ಸ್ವಾಮಿ, ಎಣಿಸುವುದು ಯಾಕೆ? ಇಗೋ, ನಾನೇ ಬರೆದ ಚೀಟಿ ನೋಡಿರಿ" ಎಂದು ಅವನು ಹೇಳಿದರೆ ಧಣಿಗಳು ಒಪ್ಪುವರೆ?

ಮಿಲ್ಲಿನಲ್ಲಿಯೂ ಇದೇ ಕಥೆ. ನೂಲಿನ ತೂಕ ಬರೆದಿಡುತ್ತಾರೆ, ಬಟ್ಟೆಯ ಅಳತೆ ಬರೆದಿಡುತ್ತಾರೆ, ಪಾಳಿ ಮುಗಿಸಿ ಹೊರಡುವವನನ್ನು ಗೇಟಿನಲ್ಲಿ ನಿಲ್ಲಿಸಿ ಮೈ ತಡವಿ ನೋಡುತ್ತಾರೆ. ಬಡವನ ಮಾತಿಗೆ ಪ್ರಮಾಣ ಬೇಕು. ಅದು ಈ ಲೋಕದ ಕಾನೂನು. ಇರಲಿ, ನಾವು ಲೆಕ್ಕ ಕೊಡಲು ಹಿಂಜರಿಯುವವರಲ್ಲ. ಆದರೆ ಇದೇ ಕಾನೂನು ದೊಡ್ಡ ಕಂಪೆನಿಯ ಗಲ್ಲಾಕ್ಕೆ ಏಕೆ ನಡೆಯುವುದಿಲ್ಲ ಎಂಬ ಒಂದು ಪ್ರಶ್ನೆಯನ್ನು ಇಂದು ಕೇಳಬೇಕಾಗಿದೆ. ಈ ಪ್ರಶ್ನೆ ಕೇಳಲು ನಾವು ದೂರ ಹೋಗಬೇಕಾಗಿಲ್ಲ. ನಾವು ಇಡ್ಲಿ ಬಡಿಸಿದ, ನೂಲು ತೆಗೆದ ಇದೇ ಹೈದರಾಬಾದು ನಗರವೇ ಅದಕ್ಕೆ ಸಾಕ್ಷಿ.

1987ರಲ್ಲಿ ಈ ಊರಿನಲ್ಲಿ ಸತ್ಯಂ ಕಂಪ್ಯೂಟರ್ ಸರ್ವೀಸಸ್ ಎಂಬ ಕಂಪೆನಿ ಹುಟ್ಟಿತು. ಬಿ. ರಾಮಲಿಂಗರಾಜು ಅವರು ಅದರ ಅಧ್ಯಕ್ಷರು. ಇಪ್ಪತ್ತು ವರ್ಷಗಳಲ್ಲಿ ಅದು ದೇಶದ ದೊಡ್ಡ ಸಾಫ್ಟ್‌ವೇರ್ ಕಂಪೆನಿಗಳಲ್ಲಿ ಒಂದಾಯಿತು. ಸುಮಾರು 53,000 ನೌಕರರೆಂದು ಹೇಳಿಕೊಂಡಿತು. ಮುಂಬಯಿಯಲ್ಲಷ್ಟೇ ಅಲ್ಲದೆ ನ್ಯೂಯಾರ್ಕಿನ ಪೇಟೆಯಲ್ಲಿಯೂ ಅದರ ಷೇರು ಮಾರಾಟವಾಗುತ್ತಿತ್ತು. 2008ರಲ್ಲಿ ಉತ್ತಮ ಆಡಳಿತಕ್ಕಾಗಿ 'ಚಿನ್ನದ ನವಿಲು' ಎಂಬ ಪ್ರಶಸ್ತಿಯನ್ನೂ ಪಡೆಯಿತು. 2009ರ ಜನವರಿ 7ರಂದು ಅದೇ ಅಧ್ಯಕ್ಷರು ತಮ್ಮ ನಿರ್ದೇಶಕ ಮಂಡಳಿಗೆ ಒಂದು ಪತ್ರ ಬರೆದರು. ಲೆಕ್ಕದ ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕಿನ ಹಣ 5,361 ಕೋಟಿ ರೂಪಾಯಿ ಎಂದು ಬರೆದಿದೆ. ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು.

ಈ ಅಂಕಿಗಳನ್ನು ನಮ್ಮ ಅಳತೆಗೆ ಇಳಿಸಿ ನೋಡೋಣ. ಗಲ್ಲಾದಲ್ಲಿ ನೂರು ರೂಪಾಯಿ ಇದೆ ಎಂದು ಚೀಟಿ ಹೇಳುತ್ತದೆ. ಪೆಟ್ಟಿಗೆ ತೆರೆದರೆ ಆರು ರೂಪಾಯಿ. ಇಪ್ಪತ್ತು ರೂಪಾಯಿಗೆ ಸಂಬಳ ಮುರಿಸಿಕೊಂಡವನು ಈ ಲೆಕ್ಕಕ್ಕೆ ಏನು ಹೇಳಬೇಕು?

ಅಷ್ಟಕ್ಕೇ ಮುಗಿಯಲಿಲ್ಲ. ಇಲ್ಲದ ಆ ಠೇವಣಿಗೆ ಬರಬೇಕಾದ ಬಡ್ಡಿಯೆಂದು 376 ಕೋಟಿ ಬರೆದಿದ್ದರು. ಹಸುವೂ ಇಲ್ಲ, ಕೊಟ್ಟಿಗೆಯೂ ಇಲ್ಲ, ಹಾಲಿನ ಲೆಕ್ಕ ಮಾತ್ರ ದಿನಾ ಬರೆಯುತ್ತಿದ್ದರು! ಕೊಡಬೇಕಾದ 1,230 ಕೋಟಿಯನ್ನು ಪುಸ್ತಕದಲ್ಲಿ ತೋರಿಸಿರಲಿಲ್ಲ. ಗಿರಾಕಿಗಳಿಂದ ಬರಬೇಕಾದ ಬಾಕಿಯನ್ನು 490 ಕೋಟಿಯಷ್ಟು ಉಬ್ಬಿಸಿದ್ದರು. ಎಲ್ಲ ಕೂಡಿದರೆ 7,136 ಕೋಟಿಯ ತೂತು. 2008ರ ಸೆಪ್ಟೆಂಬರಿಗೆ ಮುಗಿದ ಮೂರು ತಿಂಗಳಲ್ಲಿ 649 ಕೋಟಿ ಲಾಭವೆಂದು ಸಾರಿದ್ದರು. ನಿಜವಾಗಿ ಬಂದದ್ದು 61 ಕೋಟಿ. ಸುಳ್ಳು ಲಾಭಕ್ಕೆ ಪುಸ್ತಕದಲ್ಲಿ ಒಂದು ಜಾಗ ಬೇಕು. ಆ ಜಾಗವೇ 'ನಗದು ಮತ್ತು ಬ್ಯಾಂಕ್ ಬಾಕಿ'. ವರ್ಷಾನುವರ್ಷ ಹುಸಿ ಲಾಭವನ್ನು ಅಲ್ಲಿಗೆ ತುಂಬಿದರು.

ಇಲ್ಲಿ ನಮ್ಮ ಓದುಗರು ಒಂದು ಮಾತನ್ನು ತಿಳಿದುಕೊಳ್ಳಬೇಕು. ಇಂದು ಕಂಪೆನಿಗಳ ವಾರ್ಷಿಕ ವರದಿಯನ್ನು ತೆರೆದರೆ 'ನ್ಯಾಯಮೌಲ್ಯ' ಎಂಬ ಪದ ಪುಟಪುಟಕ್ಕೂ ಕಾಣುತ್ತದೆ. ನಮಗೆ ನ್ಯಾಯ ಎಂದ ಕೂಡಲೆ ನೆನಪಾಗುವುದು ನ್ಯಾಯಬೆಲೆ ಅಂಗಡಿ. ಅಲ್ಲಿ ಅಕ್ಕಿಯ ಬೆಲೆಯನ್ನು ಸರಕಾರ ಗೊತ್ತುಮಾಡುತ್ತದೆ, ಫಲಕದ ಮೇಲೆ ಬರೆಯುತ್ತಾರೆ, ತಕ್ಕಡಿ ಕಣ್ಣೆದುರಿಗೆ ಇರುತ್ತದೆ. ಕಂಪೆನಿಯ ನ್ಯಾಯಮೌಲ್ಯ ಬೇರೆ. ಬಲವಂತವಿಲ್ಲದೆ ಮಾರುವವನೂ ಕೊಳ್ಳುವವನೂ ಸೇರಿದರೆ, ಲೆಕ್ಕ ಮುಗಿಸುವ ದಿನ ಆ ಆಸ್ತಿಗೆ ಯಾವ ಬೆಲೆ ಬರುತ್ತಿತ್ತೋ ಅದು ನ್ಯಾಯಮೌಲ್ಯ. 2016ರ ಏಪ್ರಿಲಿನಿಂದ ನಮ್ಮ ದೇಶದ ದೊಡ್ಡ ಕಂಪೆನಿಗಳು ಹೊಸ ಲೆಕ್ಕ ನಿಯಮಗಳ ಪ್ರಕಾರ ತಮ್ಮ ಹಲವು ಬಗೆಯ ಹೂಡಿಕೆಗಳನ್ನು ಹೀಗೆಯೇ ತೋರಿಸಬೇಕಾಗಿದೆ.

ಆ ನಿಯಮದಲ್ಲಿ ಮೂರು ಮೆಟ್ಟಿಲುಗಳಿವೆ. ಮೋಂಡಾ ಮಾರ್ಕೆಟ್ಟಿನಲ್ಲಿ ಇಂದಿನ ಟೊಮೇಟೊ ಧಾರಣೆ ಎಷ್ಟೆಂದು ಯಾರನ್ನು ಕೇಳಿದರೂ ತಿಳಿಯುತ್ತದೆ. ಹಾಗೆ ಪೇಟೆಯಲ್ಲಿ ದಿನವೂ ಬೆಲೆ ಕೂಗುವ ಷೇರು ಮೊದಲನೆಯ ಮೆಟ್ಟಿಲು. ಹೋಟೆಲಿನ ಹಳೆಯ ಗ್ರೈಂಡರಿಗೆ ಎಷ್ಟು ಬಂದೀತು? ಅಂಥದೇ ಇನ್ನೊಂದು ಗ್ರೈಂಡರು ಮೊನ್ನೆ ಎಷ್ಟಕ್ಕೆ ಹೋಯಿತೆಂದು ವಿಚಾರಿಸಿ ಹೇಳಬಹುದು, ಅದು ಎರಡನೆಯದು. ಹೋಟೆಲಿನ 'ಹೆಸರಿಗೆ' ಎಷ್ಟು ಬೆಲೆ? ಮುಂದಿನ ಹತ್ತು ವರ್ಷ ಇಷ್ಟು ವ್ಯಾಪಾರವಾದೀತು, ಇಷ್ಟು ಉಳಿದೀತು ಎಂದು ಧಣಿಯೇ ಊಹಿಸಿ, ಒಬ್ಬ ತಜ್ಞನಿಂದ ಬರೆಸಬೇಕು. ಅದು ಮೂರನೆಯ ಮೆಟ್ಟಿಲು. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಎರಡನೆಯದು ಕೈಗೆ ಎಟಕುತ್ತದೆ, ಮೂರನೆಯದು ಮಾಲಿಕನ ಮನಸ್ಸಿನಲ್ಲಿದೆ.

ನಗದಿಗೆ ಈ ಮೆಟ್ಟಿಲುಗಳ ಗೊಡವೆಯಿಲ್ಲ. ನೂರು ರೂಪಾಯಿಗೆ ನೂರೇ ರೂಪಾಯಿ. ಮೂರು ತಿಂಗಳೊಳಗೆ ಕೈಗೆ ಬರುವ ಠೇವಣಿಯನ್ನು ನಗದಿಗೆ ಸಮಾನವೆಂದು ಎಣಿಸುತ್ತಾರೆ; ಅದಕ್ಕೂ ಹೆಚ್ಚಿನ ಅವಧಿಯ ಠೇವಣಿಯನ್ನು ಬೇರೆ ಸಾಲಿನಲ್ಲಿ ಬರೆಯುತ್ತಾರೆ. ಇವುಗಳ ಬೆಲೆಯ ಬಗ್ಗೆ ಜಗಳವಿಲ್ಲ. ಒಂದೇ ಪ್ರಶ್ನೆ ಇದೆ: ಹಣ ಇದೆಯೋ ಇಲ್ಲವೋ? ಇದಕ್ಕಿಂತ ಸುಲಭದ ಪರೀಕ್ಷೆ ಲೆಕ್ಕಶಾಸ್ತ್ರದಲ್ಲಿಲ್ಲ. ಬ್ಯಾಂಕಿಗೆ ಆಡಿಟರು ತಾನೇ ಪತ್ರ ಬರೆಯಬೇಕು, ಉತ್ತರ ನೇರವಾಗಿ ತನ್ನ ಕೈಗೇ ಬರುವಂತೆ ನೋಡಿಕೊಳ್ಳಬೇಕು. ನಮ್ಮ ಗಲ್ಲಾದ ಹುಡುಗನಿಗೂ ತಿಳಿಯುವ ಕೆಲಸ.

ಸತ್ಯಂನಲ್ಲಿ ಈ ಸುಲಭದ ಕೆಲಸವೇ ಕೆಟ್ಟಿತು. ಬ್ಯಾಂಕಿನ ಕಾಗದಗಳನ್ನು ಖೋಟಾ ಮಾಡಿದ್ದರು. ಸುಳ್ಳು ಬಿಲ್ಲುಗಳು 6,000ಕ್ಕೂ ಹೆಚ್ಚು. ಲೆಕ್ಕ ಪರಿಶೋಧನೆ ಮಾಡಿದವರು ಜಗತ್ಪ್ರಸಿದ್ಧ ಪ್ರೈಸ್ ವಾಟರ್‌ಹೌಸ್ ಹೆಸರಿನ ಸಂಸ್ಥೆಗಳು. ಬ್ಯಾಂಕಿನಿಂದ ದೃಢೀಕರಣ ಪಡೆಯುವ ಕೆಲಸವನ್ನು ಅವರು ಕಂಪೆನಿಯವರ ಕೈಗೇ ಬಿಟ್ಟುಕೊಟ್ಟಿದ್ದರೆಂದು ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ 2011ರ ಏಪ್ರಿಲಿನಲ್ಲಿ ತೀರ್ಮಾನಿಸಿತು. ಆಯೋಗಕ್ಕೆ 60 ಲಕ್ಷ ಡಾಲರು, ಅಲ್ಲಿನ ಆಡಿಟರುಗಳ ಮೇಲ್ವಿಚಾರಣಾ ಮಂಡಳಿಗೆ 15 ಲಕ್ಷ ಡಾಲರು ದಂಡ ತೆತ್ತರು. ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ! ಅದು ಎತ್ತೋ ಹಸುವೋ ಎಂದು ಬಗ್ಗಿ ನೋಡುವುದಕ್ಕೇ ಆಡಿಟರಿಗೆ ಸಂಬಳ ಕೊಡುವುದು. ಕಳ್ಳನ ಕೈಗೆ ಬೀಗದ ಕೈ ಕೊಟ್ಟು, "ಎಲ್ಲ ಸರಿಯಾಗಿದೆ" ಎಂದು ಅವನಿಂದಲೇ ಬರೆಸಿಕೊಂಡು ಬರುವವನಿಗೆ ನಾವು ಕಾವಲುಗಾರನೆಂದು ಹೆಸರಿಡಬೇಕೆ?

ಈ ತೂತನ್ನು ಮುಚ್ಚಲು ಅವರು ಹೂಡಿದ ಕೊನೆಯ ಉಪಾಯವನ್ನು ನೋಡಿರಿ. 2008ರ ಡಿಸೆಂಬರ್ 16ರಂದು, ಮೇಟಾಸ್ ಎಂಬ ಹೆಸರಿನ ಎರಡು ಕಂಪೆನಿಗಳನ್ನು 160 ಕೋಟಿ ಡಾಲರಿಗೆ ಸತ್ಯಂ ಕೊಳ್ಳುವುದೆಂದು ಮಂಡಳಿ ಒಪ್ಪಿತು. ಸತ್ಯಂ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಿಂದುಮುಂದಾಗಿ ಬರೆದರೆ ಮೇಟಾಸ್. ಅವು ರಾಜು ಅವರ ಮನೆತನಕ್ಕೇ ಸೇರಿದ ಕಂಪೆನಿಗಳು. ಒಂದು ಭೂಮಿ-ಮನೆಗಳದು, ಇನ್ನೊಂದು ರಸ್ತೆ-ಕಟ್ಟಡಗಳ ಗುತ್ತಿಗೆಯದು. ಇಲ್ಲದ ನಗದನ್ನು 'ಕೊಟ್ಟು' ಇರುವ ಭೂಮಿಯನ್ನು ಪುಸ್ತಕಕ್ಕೆ ತರುವುದು. ಆಗ ನಗದು ಎಲ್ಲಿ ಎಂದು ಯಾರೂ ಕೇಳುವಂತಿಲ್ಲ. ಹುಸಿ ಆಸ್ತಿಯ ಜಾಗದಲ್ಲಿ ನಿಜವಾದ ಆಸ್ತಿ ಇರಿಸುವ ಕೊನೆಯ ಪ್ರಯತ್ನ ಅದಾಗಿತ್ತೆಂದು ಅಧ್ಯಕ್ಷರೇ ಪತ್ರದಲ್ಲಿ ಬರೆದಿದ್ದಾರೆ. ಷೇರುದಾರರು ಗದ್ದಲವೆಬ್ಬಿಸಿದ್ದರಿಂದ ಕೆಲವೇ ಗಂಟೆಗಳಲ್ಲಿ ಆ ನಿರ್ಣಯ ಹಿಂದಕ್ಕೆ ಹೋಯಿತು. ಹೋಗದಿದ್ದರೆ? ಪೇಟೆಯಲ್ಲಿ ಬೆಲೆಯೇ ಇಲ್ಲದ ಭೂಮಿ ಕಂಪೆನಿಗೆ ಒಬ್ಬ ತಜ್ಞ ಬೆಲೆ ಬರೆಯುತ್ತಿದ್ದ, ಇನ್ನೊಬ್ಬ ರುಜು ಹಾಕುತ್ತಿದ್ದ, ಐದು ಸಾವಿರ ಕೋಟಿಯ ಸುಳ್ಳು ಮಣ್ಣಿನೊಳಗೆ ಹೂತುಹೋಗುತ್ತಿತ್ತು. ಬೆಲೆಯ ಊಹೆ ಎಂಬುದು ಕಳ್ಳನಿಗೆ ಅಡಗುದಾಣವಾಗುವುದು ಹೀಗೆ.

ಮುಂದಿನದು ಎಲ್ಲರಿಗೂ ಗೊತ್ತು. ಪತ್ರ ಹೊರಬಿದ್ದ ಒಂದೇ ದಿನದಲ್ಲಿ ಷೇರಿನ ಬೆಲೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಕರಗಿತು. ಸರಕಾರ ಹೊಸ ಮಂಡಳಿ ನೇಮಿಸಿತು. 2009ರ ಏಪ್ರಿಲಿನಲ್ಲಿ ಟೆಕ್ ಮಹೀಂದ್ರ ಕಂಪೆನಿ ಅದನ್ನು ಹಿಡಿಯಿತು. 2013ರಲ್ಲಿ ಸತ್ಯಂ ಅದರಲ್ಲಿ ಲೀನವಾಯಿತು. 2015ರ ಏಪ್ರಿಲ್ 9ರಂದು ಇದೇ ಊರಿನ ವಿಶೇಷ ನ್ಯಾಯಾಲಯ ರಾಜು ಮತ್ತು ಇತರ ಒಂಬತ್ತು ಜನರಿಗೆ ಏಳು ವರ್ಷ ಶಿಕ್ಷೆ ವಿಧಿಸಿತು. ಅವರಲ್ಲಿ ಇಬ್ಬರು ಆಡಿಟರುಗಳು. ಮರುತಿಂಗಳೇ ಮೇಲ್ಮನವಿಯ ಮೇಲೆ ಶಿಕ್ಷೆ ಅಮಾನತಾಗಿ ಜಾಮೀನು ದೊರೆಯಿತು. ಆಡಿಟ್ ಸಂಸ್ಥೆಗಳಿಗೆ ಸೆಬಿ 2018ರ ಜನವರಿಯಲ್ಲಿ ವಿಧಿಸಿದ ಎರಡು ವರ್ಷದ ನಿಷೇಧವನ್ನು 2019ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ರದ್ದುಮಾಡಿತು. ನ್ಯಾಯಾಲಯಗಳ ವಿಷಯ ನ್ಯಾಯಾಲಯಕ್ಕೆ ಬಿಡೋಣ. ಆದರೆ ಇಪ್ಪತ್ತು ರೂಪಾಯಿಗೆ ಅದೇ ರಾತ್ರಿ ತೀರ್ಪು, ಐದು ಸಾವಿರ ಕೋಟಿಗೆ ಆರು ವರ್ಷ. ಈ ವ್ಯತ್ಯಾಸವನ್ನು ನಾವು ಮರೆಯಲಾರೆವು.

"ಇದೆಲ್ಲ ಕೋಟ್ಯಧೀಶರ ಜಗಳ, ಸಪ್ಲೈಯರನಿಗೂ ನೂಲುವವನಿಗೂ ಏನು ಸಂಬಂಧ?" ಎಂದು ಕೆಲವರು ಕೇಳಬಹುದು. ನಮ್ಮಲ್ಲಿಯೇ ಹಲವರು ಕೇಳುತ್ತಾರೆ. ಉತ್ತರ ಹೇಳುತ್ತೇವೆ.

ಮೇಟಾಸ್‌ನ ಗುತ್ತಿಗೆ ಕಂಪೆನಿಯನ್ನು 2009ರಲ್ಲಿ ಐ.ಎಲ್. ಆಂಡ್ ಎಫ್.ಎಸ್. ಎಂಬ ದೊಡ್ಡ ಹಣಕಾಸು ಸಂಸ್ಥೆ ವಹಿಸಿಕೊಂಡಿತು. ಆ ಸಂಸ್ಥೆಯ ಸಾಲಪತ್ರಗಳಿಗೆ ಅತ್ಯುನ್ನತ ದರ್ಜೆಯ ಮುದ್ರೆ ಇತ್ತು. 2018ರ ಬೇಸಗೆಯವರೆಗೂ ಆ ಮುದ್ರೆ ಅಳಿಯಲಿಲ್ಲ. ಸೆಪ್ಟೆಂಬರಿಗೆ ಸಾಲ ತೀರಿಸಲಾರೆನೆಂದು ಕೈಯೆತ್ತಿತು. ಬಾಕಿ 90,000 ಕೋಟಿಗೂ ಮಿಕ್ಕಿತ್ತು. ಆ ಸಾಲಪತ್ರಗಳನ್ನು ಕೊಂಡವರು ಯಾರು? ಬ್ಯಾಂಕುಗಳ ಜೊತೆಗೆ ನೌಕರರ ಭವಿಷ್ಯನಿಧಿಗಳೂ ಇದ್ದವು. ಅಂದರೆ ನಮ್ಮಂಥವರ ಸಂಬಳದಲ್ಲಿ ತಿಂಗಳು ತಿಂಗಳು ನೂರಕ್ಕೆ ಹನ್ನೆರಡು ಮುರಿದು ಕೂಡಿಹಾಕಿದ ಹಣ. ನಿನ್ನೆಯವರೆಗೆ ಪುಸ್ತಕದಲ್ಲಿ ನೂರಕ್ಕೆ ನೂರು ಎಂದಿದ್ದದ್ದು ಒಂದು ತಿಂಗಳಲ್ಲಿ ಎಷ್ಟಕ್ಕಿಳಿಯಿತು? ಬೆಲೆ ಇಳಿದದ್ದು ಆ ತಿಂಗಳಲ್ಲಿ ಅಲ್ಲ. ಇಳಿದದ್ದನ್ನು ಹೇಳಿದ್ದು ಮಾತ್ರ ಆಗ.

ಭವಿಷ್ಯನಿಧಿ ಸಂಸ್ಥೆ 2015ರಿಂದ ನಮ್ಮ ಹಣದ ಒಂದು ಪಾಲನ್ನು ಷೇರುಪೇಟೆಯಲ್ಲಿಯೂ ಹೂಡತೊಡಗಿದೆ. ಹೊಸದಾಗಿ ಬಂದ ಹಣದಲ್ಲಿ ಆಗ ನೂರಕ್ಕೆ ಐದು, 2017ರಲ್ಲಿ ಹದಿನೈದು. ನಾವು ಷೇರು ಕೊಂಡವರಲ್ಲ, ಆದರೂ ನಾವು ಷೇರುದಾರರೇ. ಕಂಪೆನಿಯೊಂದು ತನ್ನ ನಗದನ್ನೂ ಹೂಡಿಕೆಯನ್ನೂ ಸುಳ್ಳು ಬರೆದರೆ ಬೀದಿಗೆ ಬೀಳುವುದು ಅದರ ನೌಕರರು ಮಾತ್ರವಲ್ಲ. ಕಾಚಿಗುಡದ ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆ ಹುಯ್ದು ಊರಿಗೆ ಮರಳಬೇಕೆಂದಿರುವ ಕುಂದಾಪುರದ ಭಟ್ಟರ ಗಂಟೂ ಕರಗುತ್ತದೆ. ಬೀದರ, ಕಲಬುರ್ಗಿ, ರಾಯಚೂರುಗಳಿಂದ ನಿಜಾಮರ ಕಾಲದಿಂದಲೂ ಈ ಊರಿಗೆ ಬಂದು ಮಿಲ್ಲು ಸೇರಿದ ಮನೆತನಗಳಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ. ವಾರಂಗಲ್ಲಿನ ಆಜಂ ಜಾಹಿ ಮಿಲ್ಲು ಮುಚ್ಚಿತು, ಕಲಬುರ್ಗಿಯ ಎಂ.ಎಸ್.ಕೆ. ಮಿಲ್ಲು ಮುಚ್ಚಿತು, ಇಲ್ಲಿನ ಡಿ.ಬಿ.ಆರ್. ಮಿಲ್ಲಿನ ಭೋಂಗಾ ಕೂಗುವುದು ನಿಂತು ದಶಕಗಳಾದವು. ಮಿಲ್ಲು ಮುಚ್ಚುವ ದಿನ ಕಾರ್ಮಿಕನಿಗೆ ಉಳಿಯುವುದು ಎರಡೇ: ಗ್ರಾಚ್ಯುಯಿಟಿ ಮತ್ತು ಭವಿಷ್ಯನಿಧಿ. ಒಂದು ಧಣಿಯ ಗಲ್ಲಾದಲ್ಲಿದೆ, ಇನ್ನೊಂದು ಯಾವ ಯಾವ ಕಂಪೆನಿಯ ಗಲ್ಲಾದಲ್ಲಿದೆಯೋ ನಮಗೆ ತಿಳಿಯದು. ಆದುದರಿಂದ ಗಲ್ಲಾ ತುಂಬಿದೆಯೆ ಎಂದು ಕೇಳುವ ಹಕ್ಕು ನಮ್ಮದು.

ಇನ್ನೊಂದು ಆಕ್ಷೇಪ ಇದೆ. "ಅದು ಹಳೆಯ ಕಥೆ. 2013ರಲ್ಲಿ ಹೊಸ ಕಂಪೆನಿ ಕಾಯಿದೆ ಬಂತು. ಆಡಿಟರುಗಳನ್ನು ಅವಧಿಗೊಮ್ಮೆ ಬದಲಿಸುವ ಕಟ್ಟು ಬಂತು. 2018ರಲ್ಲಿ ಅವರ ಮೇಲೆ ರಾಷ್ಟ್ರೀಯ ಪ್ರಾಧಿಕಾರವೂ ಬಂತು. ಇನ್ನೇನು ಬೇಕು?" ಬಂದವು, ಒಳ್ಳೆಯದೇ ಆಯಿತು, ಸತ್ಯಂ ಕಲಿಸಿದ ಪಾಠ ಅದು. ಆದರೆ ಲೋಕ ಈ ಪಾಠವನ್ನು ಎಷ್ಟು ಸಲ ಕಲಿತು ಮರೆತಿದೆ! 2003ರಲ್ಲಿ ಇಟಲಿಯ ಪಾರ್ಮಲಾಟ್ ಎಂಬ ಹಾಲಿನ ಕಂಪೆನಿ, ಅಮೆರಿಕದ ಬ್ಯಾಂಕಿನಲ್ಲಿ 395 ಕೋಟಿ ಯೂರೋ ಇದೆಯೆಂದು ಕಾಗದ ತೋರಿಸಿತ್ತು. ಆ ಕಾಗದ ಖೋಟಾ ಎಂದು ಬ್ಯಾಂಕು ಹೇಳಿತು. 2020ರಲ್ಲಿ ಜರ್ಮನಿಯ ವೈರ್‌ಕಾರ್ಡ್ ಕಂಪೆನಿಯ 190 ಕೋಟಿ ಯೂರೋ ಫಿಲಿಪ್ಪೀನ್ಸಿನ ಎರಡು ಬ್ಯಾಂಕುಗಳಲ್ಲಿ ಇದೆ ಎಂದಿದ್ದರು. ಆ ಬ್ಯಾಂಕುಗಳು ನಮಗೆ ಆ ಗಿರಾಕಿಯೇ ಗೊತ್ತಿಲ್ಲ ಎಂದವು. ಇಟಲಿ, ಹೈದರಾಬಾದು, ಜರ್ಮನಿ: ಮೂರು ಕಡೆಯೂ ನಿಯಮವಿತ್ತು, ಮೂರು ಕಡೆಯೂ ಹೆಸರಾಂತ ಆಡಿಟರಿದ್ದರು, ಮೂರು ಕಡೆಯೂ ಗಲ್ಲಾ ಎಣಿಸಿದವರಿರಲಿಲ್ಲ.

ಹಾಗೆಂದು ನಾವು ನ್ಯಾಯಮೌಲ್ಯದ ವಿರೋಧಿಗಳಲ್ಲ. ನಲವತ್ತು ವರ್ಷದ ಹಿಂದೆ ಕೊಟ್ಟ ಬೆಲೆಯನ್ನೇ ಇಂದಿಗೂ ಪುಸ್ತಕದಲ್ಲಿರಿಸಿ, ಇರುವ ಸಂಪತ್ತನ್ನು ಬಡತನದಂತೆ ತೋರಿಸುವ ಮಾಲಿಕರನ್ನೂ ನಾವು ಕಂಡಿದ್ದೇವೆ. ಕೂಲಿ ಕೇಳಲು ಹೋದಾಗ ಹಳೆಯ ಬೆಲೆ, ಸಾಲ ಕೇಳಲು ಬ್ಯಾಂಕಿಗೆ ಹೋದಾಗ ಹೊಸ ಬೆಲೆ! ಇಂದಿನ ಬೆಲೆಯನ್ನು ಬರೆಯಿರಿ ಎಂಬ ನಿಯಮ ಆ ಆಟಕ್ಕೆ ಕಡಿವಾಣ ಹಾಕುತ್ತದೆ, ಅದನ್ನು ಸ್ವಾಗತಿಸುತ್ತೇವೆ. ನಮ್ಮ ವಿರೋಧ ಇರುವುದು ಊಹೆಯನ್ನು ಎಣಿಕೆಯೆಂದು ಮಾರುವುದಕ್ಕೆ. ಕಾನೂನೂ ಈ ಭೇದವನ್ನು ಬಲ್ಲದು. ನ್ಯಾಯಮೌಲ್ಯ ಏರಿದ್ದರಿಂದ ಪುಸ್ತಕದಲ್ಲಿ ಮಾತ್ರ ಹುಟ್ಟಿದ ಲಾಭವನ್ನು ಷೇರುದಾರರಿಗೆ ಲಾಭಾಂಶವಾಗಿ ಹಂಚಕೂಡದೆಂದು ಕಂಪೆನಿ ಕಾಯಿದೆಗೆ ಮಾಡಿದ 2017ರ ತಿದ್ದುಪಡಿ ಹೇಳುತ್ತದೆ. ಹಂಚಲು ಬಾರದ ಲಾಭ ಎಂಥ ಲಾಭವೆಂದು ನಮ್ಮ ಅಡಿಗೆಯವರನ್ನು ಕೇಳಿರಿ: ಬಡಿಸಲು ಬಾರದ ಅನ್ನ ಎಂಥ ಅನ್ನವೋ ಅಂಥದು.

ಆದುದರಿಂದ ನಮ್ಮ ಬೇಡಿಕೆಗಳು ಇವು.

ಒಂದನೆಯದಾಗಿ, ಪ್ರತಿಯೊಂದು ದೊಡ್ಡ ಕಂಪೆನಿಯ ವರದಿಯಲ್ಲಿ ನಗದು ಮತ್ತು ಠೇವಣಿಯ ಸಾಲಿನ ಕೆಳಗೆ, ಯಾವ ಬ್ಯಾಂಕಿನಲ್ಲಿ ಎಷ್ಟು ಇದೆ, ಯಾವ ತಾರೀಖಿನಂದು ಆ ಬ್ಯಾಂಕಿನಿಂದ ನೇರವಾಗಿ ಆಡಿಟರಿಗೆ ಉತ್ತರ ಬಂತು ಎಂಬುದನ್ನು ಸರಳ ವಾಕ್ಯದಲ್ಲಿ ಬರೆಯಬೇಕು. ಕಂಪೆನಿಯ ಕೈಯಿಂದ ಬಂದ ಕಾಗದ ಪ್ರಮಾಣವಲ್ಲ.

ಎರಡನೆಯದಾಗಿ, ಮೂರನೆಯ ಮೆಟ್ಟಿಲಿನ ಆಸ್ತಿಗಳನ್ನು, ಅಂದರೆ ಪೇಟೆಯಲ್ಲಿ ಬೆಲೆ ಇಲ್ಲದೆ ಊಹೆಯಿಂದ ಬೆಲೆ ಕಟ್ಟಿದವುಗಳನ್ನು, ವರದಿಯ ಮೊದಲ ಪುಟದಲ್ಲಿಯೇ ತೋರಿಸಬೇಕು. ಬೆಲೆ ಕಟ್ಟಿದವನು ಯಾರು, ಅವನಿಗೆ ಹಣ ಕೊಟ್ಟವರು ಯಾರು, ಆ ಆಸ್ತಿ ಮಾಲಿಕರ ನೆಂಟರಿಷ್ಟರದೆ, ಇವಕ್ಕೆ ಅಲ್ಲಿಯೇ ಉತ್ತರವಿರಬೇಕು.

ಮೂರನೆಯದಾಗಿ, ಭವಿಷ್ಯನಿಧಿಯ ಕೇಂದ್ರ ಮಂಡಳಿಯಲ್ಲಿ ಕುಳಿತಿರುವ ಕಾರ್ಮಿಕ ಪ್ರತಿನಿಧಿಗಳು, ನಮ್ಮ ಹಣ ಯಾವ ಕಂಪೆನಿಯ ಸಾಲಪತ್ರದಲ್ಲಿದೆ, ಇಂದು ಪೇಟೆಯಲ್ಲಿ ಅದರ ಧಾರಣೆ ಎಷ್ಟು ಎಂಬುದನ್ನು ವರ್ಷಕ್ಕೊಮ್ಮೆ ಕಾರ್ಮಿಕರಿಗೆ ತಿಳಿಯುವ ಭಾಷೆಗಳಲ್ಲಿ ಪ್ರಕಟಮಾಡಿಸಬೇಕು. ಕನ್ನಡ, ತೆಲುಗು, ಉರ್ದುಗಳಲ್ಲಿ ಹೇಳಲಾಗದ ಲೆಕ್ಕ ಯಾವುದೂ ಇಲ್ಲ.

ನಾಲ್ಕನೆಯ ಮಾತು ಸರಕಾರಕ್ಕಲ್ಲ, ನಮಗೇ. ಬಂಧುಗಳೇ, ನಮ್ಮಲ್ಲಿ ಅನೇಕರು ತಮ್ಮ ಭವಿಷ್ಯನಿಧಿಯ ಖಾತೆಯನ್ನು ವರ್ಷಕ್ಕೊಮ್ಮೆಯೂ ನೋಡುವುದಿಲ್ಲ. ಧಣಿ ಸಂಬಳದಲ್ಲಿ ಮುರಿದದ್ದು ಖಾತೆಗೆ ಬಂತೆ ಎಂದು ವಿಚಾರಿಸುವುದಿಲ್ಲ. ಹಲವರಿಗೆ ಖಾತೆಯೇ ಇಲ್ಲ. ಇಪ್ಪತ್ತು ಜನ ದುಡಿಯುವಲ್ಲಿ ಹದಿನೆಂಟೇ ಜನರ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಯುವ ಜಾಣತನ ನಮಗೆ ಹೊಸದಲ್ಲ. ಐದು ಸಾವಿರ ಕೋಟಿಯ ಸುಳ್ಳನ್ನು ಎಣಿಸಬೇಕೆಂದು ಕೂಗುವವರು ಮೊದಲು ತಮ್ಮ ಹೆಸರಿನ ಐದು ಸಾವಿರವನ್ನು ಎಣಿಸಲು ಕಲಿಯಬೇಕು. ಫೋನಿನಲ್ಲಿ ಖಾತೆ ತೆರೆದು ನೋಡುವುದು ಹೇಗೆಂದು ತಿಳಿಯದವರು ತಿಳಿದವರನ್ನು ಕೇಳಲಿ, ತಿಳಿದವರು ಹೇಳಿಕೊಡಲಿ. ಸಂಘ ಎಂದರೆ ಇದೇ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಕಾಣದೆಯೇ ನಂಬಿರಿ ಎಂದು ಕಂಪೆನಿಗಳು ಹೇಳುತ್ತವೆ. ಹೊಳಪಿನ ಕಾಗದ, ಚಿನ್ನದ ನವಿಲು, ದೊಡ್ಡ ಹೆಸರಿನ ರುಜು, ಇವು ಯಾವುವೂ ಎಣಿಕೆಗೆ ಬದಲಲ್ಲ. ನಮ್ಮ ಗಲ್ಲಾವನ್ನು ನಾವು ದಿನವೂ ರಾತ್ರಿ ಧಣಿಗಳ ಮುಂದೆ ತೆರೆದಿಡುತ್ತೇವೆ. ನಮ್ಮ ಬೆವರು ಸೇರಿರುವ ಅವರ ಗಲ್ಲಾವನ್ನು ವರ್ಷಕ್ಕೊಂದು ಸಲ ತೆರೆದು ತೋರಿಸಿರಿ ಎಂದು ನಾವು ಕೇಳಿದರೆ ಅದು ಅಧಿಕಪ್ರಸಂಗವಲ್ಲ. ತಕ್ಕಡಿ ಒಂದೇ ಇರಲಿ ಎಂಬ ಮಾತು.